ಸೆಟ್ ಕೊಳ್ಳುವ ಮುಂಚೆ ಒಳಗಿನ ಒಂದು ಪುಟ ನೋಡಿ

ಅಪ್ಪನಿಗೆ ಸಮಗ್ರ ಸಂಪುಟಗಳ ಸೆಟ್, ಹತ್ತು ವರ್ಷದ ಮಗಳಿಗೆ ಸರಣಿ ಕಥೆಗಳ ಬಾಕ್ಸ್, ರಾತ್ರಿ ಮಲಗಿ ಓದುವ ತಮ್ಮನಿಗೆ ಲೈಟು, ಅದರ ಜೊತೆಗೆ ಒಂದು ಸ್ಟ್ಯಾಂಡು, ಒಂದು ಭೂತಗನ್ನಡಿ. ಎಲ್ಲಕ್ಕೂ ಅರ್ಧ ಬೆಲೆ, ಆಫರ್ ಮುಗಿಯುವುದರೊಳಗೆ ಯಾವುದನ್ನು ಕೊಳ್ಳಲಿ ಅಂತ ಕೇಳಿದ್ದೀರಿ. ಹೆಚ್ಚು ಕಡಿಮೆ ಇದೇ ಪಟ್ಟಿ ನನ್ನ ಹತ್ತಿರವೂ ಇತ್ತು.

ನಮ್ಮಪ್ಪ ಒಬ್ಬ ಲೇಖಕರನ್ನು ಹಿಡಿದರೆ ಅವರದ್ದೆಲ್ಲ ಮುಗಿಸಿಯೇ ಬಿಡುವವರು. ಅವರ ಇಷ್ಟದ ಕಾದಂಬರಿಕಾರರೊಬ್ಬರ ಎಲ್ಲ ಕೃತಿಗಳೂ ಹತ್ತು ಸಂಪುಟಗಳಲ್ಲಿ, ಅರ್ಧಕ್ಕಿಂತ ಕಡಿಮೆ ಬೆಲೆಗೆ ಕಂಡಾಗ ನಾನು ಹಿಂದೆ ಮುಂದೆ ನೋಡಲಿಲ್ಲ. ಹೆಸರುಗಳ ಪಟ್ಟಿ ಓದಿದೆ, ಯಾವುದೂ ಬಿಟ್ಟುಹೋಗಿಲ್ಲ ಅಂತ ಖಾತ್ರಿ ಮಾಡಿಕೊಂಡೆ, ಪೇಪರ್‌ಬ್ಯಾಕ್ ಅನ್ನುವುದೂ ಗೊತ್ತಿತ್ತು, ಪರವಾಗಿಲ್ಲ ಅಂದುಕೊಂಡೆ. ಒಳಗಿನ ಅಕ್ಷರ ಎಷ್ಟು ದಪ್ಪ ಇದೆ ಅನ್ನುವುದೊಂದನ್ನು ನೋಡಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಪಟ್ಟಿಯಲ್ಲೂ ಮೊದಲು ಇರುವುದು ಅಪ್ಪನ ಸೆಟ್ ಅಲ್ವಾ. ಜೀವಮಾನವಿಡೀ ಬರೆದವರ ಬರಹವನ್ನು ಹತ್ತು ಸಂಪುಟಕ್ಕೆ ಇಳಿಸಬೇಕು, ಬೆಲೆಯೂ ಕಡಿಮೆ ಇರಬೇಕು ಅಂದರೆ ಎಲ್ಲೋ ಒಂದು ಕಡೆ ಹಿಂಡಲೇಬೇಕು. ಹಿಂಡುವುದು ಅಕ್ಷರದಲ್ಲಿ, ಸಾಲುಗಳ ನಡುವಿನ ಜಾಗದಲ್ಲಿ, ಅಂಚಿನಲ್ಲಿ, ಕಾಗದದ ದಪ್ಪದಲ್ಲಿ. ಕಣ್ಣಿಟ್ಟು ನೋಡಿದ್ದರೆ ಪುಸ್ತಕದ ವಿವರದಲ್ಲೇ ಸುಳಿವಿತ್ತು. ಅಪ್ಪನ ಹಳೆಯ ಪ್ರತಿಯಲ್ಲಿ ಸುಮಾರು 400 ಪುಟವಿದ್ದ ಕಾದಂಬರಿ ಈ ಸೆಟ್ಟಿನಲ್ಲಿ 260 ಪುಟಕ್ಕೆ ಇಳಿದಿತ್ತು. ಪುಸ್ತಕದ ಉದ್ದ ಅಗಲವೂ ಹಳೆಯದಕ್ಕಿಂತ ಕಡಿಮೆ. ಕಥೆ ಅಷ್ಟೇ ಇದೆ, ಪುಟ ಕಡಿಮೆ, ಪುಟದ ಅಳತೆಯೂ ಕಡಿಮೆ. ಹಾಗಾದರೆ ಕುಗ್ಗಿದ್ದು ಏನು? ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ನೋಡುತ್ತಿದ್ದದ್ದು ಬರೀ ರಿಯಾಯಿತಿಯ ಶೇಕಡಾವಾರು.

ಆನ್‌ಲೈನಿನಲ್ಲಿ ಮಾದರಿ ಪುಟ ಇತ್ತು, ಅದನ್ನೂ ನೋಡಿದ್ದೆ, ಚೆನ್ನಾಗಿಯೇ ಕಾಣುತ್ತಿತ್ತು. ಕಾಣದೆ ಏನು? ಅದು ನಿಮ್ಮ ಪರದೆಗೆ ತಕ್ಕ ಹಾಗೆ ಹಿಗ್ಗುತ್ತದೆ. ಮಾದರಿ ಪುಟದಿಂದ ತಿಳಿಯಬೇಕಾದ್ದು ಬೇರೆ. ಅದರಲ್ಲಿ ಎಷ್ಟು ಸಾಲುಗಳಿವೆ ಎಣಿಸಿ. ಪುಸ್ತಕದ ಎತ್ತರ ವಿವರದಲ್ಲಿ ಇರುತ್ತದೆ. ಮೇಲೆ ಕೆಳಗೆ ಖಾಲಿ ಬಿಟ್ಟ ಜಾಗ ಕಳೆದು ನೋಡಿದರೆ ಒಂದು ಇಂಚಿಗೆ ಎಷ್ಟು ಸಾಲು ಬರುತ್ತದೆ ಅಂತ ಅಂದಾಜು ಸಿಗುತ್ತದೆ. ಅಚ್ಚಿನ ಲೆಕ್ಕದಲ್ಲಿ ಒಂದು ಇಂಚಿಗೆ 72 ಪಾಯಿಂಟ್. ಇಂಚಿಗೆ 6 ಸಾಲು ಇದ್ದರೆ ಒಂದು ಸಾಲಿಗೆ 12 ಪಾಯಿಂಟ್ ಜಾಗ, ಸಾಮಾನ್ಯ ಕಣ್ಣಿಗೆ ಹಿತವಾಗಿಯೇ ಇರುತ್ತದೆ. 8 ಸಾಲು ತುರುಕಿದ್ದರೆ 9 ಪಾಯಿಂಟ್, ಅಕ್ಷರ ಅದಕ್ಕಿಂತಲೂ ಚಿಕ್ಕದು. ಕನ್ನಡದಲ್ಲಂತೂ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳು ಇಕ್ಕಟ್ಟಾದರೆ ಒತ್ತು ಯಾವುದು, ಕೆಳಗಿನ ಸಾಲಿನ ತಲೆಕಟ್ಟು ಯಾವುದು ಗೊತ್ತಾಗದೆ ಕಣ್ಣು ಸೋಲುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರದ ಆವೃತ್ತಿ ಅಂತ ಮಾರುವವು ಸಾಮಾನ್ಯವಾಗಿ 16 ಪಾಯಿಂಟ್ ಅಥವಾ ಅದಕ್ಕಿಂತ ದಪ್ಪ ಇರುತ್ತವೆ. ಅಂಗಡಿಗೆ ಹೋಗಿ ಕೊಳ್ಳುವುದಾದರೆ ಇಷ್ಟೆಲ್ಲ ಬೇಡ, ಒಂದು ಸ್ಕೇಲ್ ಇಟ್ಟು ನೋಡಿ, ಇಲ್ಲವೇ ಅಪ್ಪನನ್ನೇ ಕರೆದುಕೊಂಡು ಹೋಗಿ.

ಸೆಟ್ ಬಂತು. ಅಪ್ಪ ಖುಷಿಪಟ್ಟರು, ಜೋಡಿಸಿಟ್ಟರು, ಓದಲಿಲ್ಲ. ಕೇಳಿದರೆ ಬೆಳಕು ಸಾಲದು ಅಂದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಪರಿಕರಗಳ ಖರೀದಿ. ಮೊದಲು ಒಂದು ಪ್ರಖರವಾದ ಲೈಟ್. ಕಾಗದ ತೆಳು, ಬೆಳಕು ಜಾಸ್ತಿಯಾದಷ್ಟೂ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಇಣುಕತೊಡಗಿತು. ಆಮೇಲೆ ಭೂತಗನ್ನಡಿ. ದೊಡ್ಡದಾಗಿ ಕಾಣಲಿ ಅಂತ ಜಾಸ್ತಿ ಶಕ್ತಿಯದ್ದು ತಂದೆ, ಆದರೆ ಶಕ್ತಿ ಹೆಚ್ಚಿದಷ್ಟೂ ಒಮ್ಮೆಗೆ ಕಾಣುವ ಜಾಗ ಕಿರಿದಾಗುತ್ತದೆ, ಒಂದೆರಡು ಪದ ಮಾತ್ರ ಕಾಣುತ್ತಿತ್ತು, ಸಾಲಿನುದ್ದಕ್ಕೂ ಗಾಜು ಎಳೆಯುತ್ತಾ ಹೋಗಬೇಕು, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮುಂದಿನ ಸಾಲು ಎಲ್ಲಿ ಅಂತ ಹುಡುಕಬೇಕು. ಒಂದು ಕೈಯಲ್ಲಿ ಗಾಜು, ಇನ್ನೊಂದರಲ್ಲಿ ಮುಚ್ಚಿಕೊಳ್ಳಲು ಹವಣಿಸುವ ಪುಸ್ತಕ. ಸರಿ, ಪುಸ್ತಕ ಹಿಡಿಯಲು ಸ್ಟ್ಯಾಂಡ್. ಅದು ಪುಟಗಳನ್ನು ಎರಡೂ ಕಡೆ ಒತ್ತಿ ಚಪ್ಪಟೆಯಾಗಿ ಹಿಡಿಯುತ್ತಿತ್ತು. ದಪ್ಪ ಪೇಪರ್‌ಬ್ಯಾಕ್, ಬೆನ್ನಿಗೆ ಬರೀ ಅಂಟು. ಸ್ವಲ್ಪ ದಿನಕ್ಕೆ ಬೆನ್ನು ನಡುವೆ ಬಿರುಕು ಬಿಟ್ಟಿತು, ಹಾಳೆಗಳು ಒಂದೊಂದೇ ಕೈಗೆ ಬಂದವು. ಶರ್ಟಿಗೆ ಸರಿಹೋಗಲಿ ಅಂತ ಹೊಟ್ಟೆ ಕರಗಿಸಲು ಹೊರಟ ಹಾಗೆ, ಪುಸ್ತಕಕ್ಕೆ ಸರಿಹೋಗಲಿ ಅಂತ ಅಪ್ಪನ ಕಣ್ಣನ್ನು ತಿದ್ದಲು ಹೊರಟಿದ್ದೆ.

ಕೊನೆಗೆ ಅದೇ ಲೇಖಕರ ಒಂದು ಕಾದಂಬರಿ, ದೊಡ್ಡ ಅಕ್ಷರದ್ದು, ಪೂರ್ತಿ ಬೆಲೆ ಕೊಟ್ಟು ತಂದುಕೊಟ್ಟೆ. ಕಿಟಕಿ ಪಕ್ಕ ಕೂತು, ಯಾವ ಪರಿಕರವೂ ಇಲ್ಲದೆ ಓದಿ ಮುಗಿಸಿದರು. ಲೈಟು, ಗಾಜು, ಸ್ಟ್ಯಾಂಡು ಸೇರಿಸಿ ಖರ್ಚಾದ ದುಡ್ಡಿನಲ್ಲಿ ಇಂಥವು ಇನ್ನೂ ಕೆಲವು ಬರುತ್ತಿದ್ದವು.

ಹಾಗಾಗಿ ಯಾವ ಸೆಟ್ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಪ್ಪನಿಗೆ ಸೆಟ್ ಬೇಡ. ಅವರ ಕಣ್ಣು ಮಂಜಾಗುತ್ತಿದೆ ಅಂತ ಬರೆದಿದ್ದೀರಿ, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 40 ದಾಟಿದ ಮೇಲೆ ಚಾಳೀಸು ಬರುವುದು ಸಹಜ, ಅದರ ನಂಬರ್ 0.25ರ ಅಂತರದಲ್ಲಿ ಏರುತ್ತಾ ಹೋಗುತ್ತದೆ, ಹಳೆಯ ಕನ್ನಡಕವೇ ಸಾಲದೆ ಬಂದಿರಬಹುದು. ಪೊರೆ ಬಂದಿದ್ದರಂತೂ ಪ್ರಖರ ಲೈಟ್ ಕಣ್ಣಿಗೆ ಇನ್ನಷ್ಟು ಕುಕ್ಕುತ್ತದೆ. ಕಣ್ಣು ತೋರಿಸದೆ ಭೂತಗನ್ನಡಿ ಕೊಳ್ಳುವುದು ನನ್ನ ಪ್ರಕಾರ ಸುಮ್ನೆ ದುಡ್ಡು ದಂಡ. ಕನ್ನಡಕ ಸರಿಯಾದ ಮೇಲೆ ದೊಡ್ಡಕ್ಷರದ ಒಂದೇ ಪುಸ್ತಕ ಕೊಡಿ, ಕೈಯಲ್ಲಿ ಹಿಡಿದು ಕೂರಲು ಆಗುವಷ್ಟು ಹಗುರವಾದದ್ದು. ಮೂರು ಕಾದಂಬರಿ ಒಂದೇ ರಟ್ಟಿನೊಳಗೆ ಅಂತ ಮಾರುತ್ತಾರಲ್ಲ, ಅದು ಕಪಾಟಿಗೆ ಚೆಂದ, ಗಂಟು ನೋವಿರುವ ಬೆರಳುಗಳಿಗೆ ಅಲ್ಲ.

ಅಗ್ಗದ ಲೆಕ್ಕವನ್ನೂ ಒಮ್ಮೆ ಸರಿಯಾಗಿ ಹಾಕಿ. ಹತ್ತು ಪುಸ್ತಕ ಅರ್ಧ ಬೆಲೆಗೆ ಅಂದರೆ ಐದರ ಬೆಲೆ. ಅದರಲ್ಲಿ ಎರಡನ್ನು ಮಾತ್ರ ಓದಿದರೆ ಓದಿದ ಒಂದೊಂದಕ್ಕೂ ಬಿಡಿ ಬೆಲೆಯ ಎರಡೂವರೆ ಪಟ್ಟು ಕೊಟ್ಟ ಹಾಗೆ. ಹತ್ತನ್ನೂ ಓದುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರು ಆಗಲೇ ಎರಡು ಮೂರು ಓದಿ ಉಳಿದದ್ದಕ್ಕೆ ಪೀಡಿಸುತ್ತಿರುತ್ತಾರೆ.

ಮಗಳ ವಿಷಯಕ್ಕೆ ಬಂದರೂ ಅಷ್ಟೇ. ನನ್ನ ಅಕ್ಕನ ಮಗಳಿಗೆ ಒಂದು ಸರಣಿಯ ಬಾಕ್ಸ್ ಕೊಟ್ಟಿದ್ದೆ. ಮೊದಲ ಭಾಗವೇ ಅವಳಿಗೆ ಹಿಡಿಸಲಿಲ್ಲ. ಕಥೆ ಒಂದರಿಂದ ಒಂದಕ್ಕೆ ಮುಂದುವರಿಯುವಂಥದ್ದು, ಹಾಗಾಗಿ ಉಳಿದವನ್ನು ಮುಟ್ಟುವ ಪ್ರಶ್ನೆಯೇ ಬರಲಿಲ್ಲ. ಬಿಡಿ ಬಿಡಿ ಕಥೆಗಳಿರುವ ಸರಣಿಯಾಗಿದ್ದರೆ ಎಲ್ಲೋ ಒಂದಾದರೂ ಅವಳನ್ನು ಹಿಡಿಯುತ್ತಿತ್ತೇನೋ. ಬಾಕ್ಸಿನ ಮೇಲೆ 6ರಿಂದ 12 ವರ್ಷ ಅಂತ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಅಕ್ಷರ ಕೂಡಿಸಿ ಓದುವ ಮಗು, ದಪ್ಪ ಕಾದಂಬರಿ ಒಂದೇ ಉಸಿರಿಗೆ ಮುಗಿಸುವ ಹುಡುಗಿ ಇಬ್ಬರೂ ಅದರೊಳಗೆ ಬಂದುಬಿಡುತ್ತಾರೆ. ಮೊದಲ ಭಾಗ ಲೈಬ್ರರಿಯಿಂದ ತಂದುಕೊಡಿ, ಇಲ್ಲವೇ ಅದೊಂದನ್ನೇ ಕೊಳ್ಳಿ. ಮುಗಿಸಿ ಇನ್ನೊಂದು ಕೇಳಿದಳೋ, ಆಗ ಬಾಕ್ಸ್ ತರಿಸಿ, ಒಂದು ಭಾಗ ಎರಡೆರಡು ಪ್ರತಿ ಆದರೆ ಆಗಲಿ, ಯಾರಿಗಾದರೂ ಕೊಟ್ಟರಾಯಿತು. ಬಿಡಿಯಾಗಿಯೇ ಸೇರಿಸುವುದಾದರೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಹೊಂದಿಸಿ ಕೊಳ್ಳಿ. 2007ರಿಂದ ಅದು 13 ಅಂಕಿಯದ್ದು, ಒಂದೊಂದು ಆವೃತ್ತಿಗೂ ಬೇರೆ ಬೇರೆ, ಬಾಕ್ಸಿಗೇ ಒಂದು ಪ್ರತ್ಯೇಕ ಸಂಖ್ಯೆಯೂ ಇರುವುದುಂಟು. ಹಳೆಯ ದೊಡ್ಡ ಕಾದಂಬರಿಗಳ ಮಕ್ಕಳ ಸೆಟ್ಟುಗಳಲ್ಲಿ ಸಂಕ್ಷಿಪ್ತ ಅಂತ ಎಲ್ಲಾದರೂ ಮೂಲೆಯಲ್ಲಿ ಬರೆದಿದೆಯಾ ನೋಡಿ. ಸಂಕ್ಷಿಪ್ತ ತಪ್ಪಲ್ಲ, ಗೊತ್ತಿಲ್ಲದೆ ಕೊಳ್ಳಬಾರದು ಅಷ್ಟೇ.

ತಮ್ಮನಿಗೆ ಮಾತ್ರ ಲೈಟ್ ಕೊಳ್ಳಿ, ಅವರಿಗೆ ನಿಜಕ್ಕೂ ಅದರ ಕೆಲಸ ಇದೆ. 2700ರಿಂದ 3000 ಕೆಲ್ವಿನ್ ಅಂತ ಬರೆದಿರುವ ಹಳದಿ ಬೆಳಕು ರಾತ್ರಿಗೆ ಹಿತ. ಬೆಳಕು ಕಡಿಮೆ ಮಾಡುವ ಸೌಲಭ್ಯ ಇರಲಿ, ಪಕ್ಕದಲ್ಲಿ ಮಲಗಿದವರು ಶಾಪ ಹಾಕುವುದಿಲ್ಲ. ಪುಸ್ತಕಕ್ಕೇ ಸಿಕ್ಕಿಸುವ ಲೈಟು ಹಗುರವಾಗಿರಬೇಕು, ಇಲ್ಲದಿದ್ದರೆ ತೆಳು ರಟ್ಟು ಬಾಗಿ ಪುಸ್ತಕ ಎದೆ ಮೇಲೆ ಬೀಳುತ್ತದೆ. ಕುತ್ತಿಗೆ ಉದ್ದ ಇರುವುದನ್ನು ಮಂಚದ ತಲೆ ಹಲಗೆಗೆ ಸಿಕ್ಕಿಸುವುದೇ ಒಳ್ಳೆಯದು.

ಇ-ರೀಡರ್ ಬಗ್ಗೆಯೂ ಕೊನೆಯಲ್ಲಿ ಒಂದು ಸಾಲು ಕೇಳಿದ್ದೀರಿ. ಅದರಲ್ಲಿರುವುದು ಇ-ಇಂಕ್, ಅಂದರೆ ಅಚ್ಚಾದ ಕಾಗದದ ಹಾಗೆ ಕಾಣುವ ಪರದೆ. ಅದರಲ್ಲಿ ಲೈಟಿನ ಬೆಳಕು ಅಂಚಿನಿಂದ ಪರದೆಯ ಮೇಲೆ ಬೀಳುತ್ತದೆ, ಫೋನಿನ ಹಾಗೆ ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಅಪ್ಪ ಒಪ್ಪಿದರೆ ನಿಮ್ಮ ಪಟ್ಟಿಯಲ್ಲಿರುವ ಎಲ್ಲಕ್ಕಿಂತ ಅದೇ ಮೇಲು. ಆದರೆ ಅವರಿಗೆ ಬೇಕಾದ ಪುಸ್ತಕ ನಿಜವಾದ ಇ-ಬುಕ್ ಆಗಿ ಸಿಗುತ್ತದೆಯಾ ಮೊದಲು ನೋಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿಕೊಟ್ಟರೆ ಅಕ್ಷರದ ಜೊತೆಗೆ ಇಡೀ ಪುಟವೇ ಹಿಗ್ಗುತ್ತದೆ, ಸಾಲಿನುದ್ದಕ್ಕೂ ಪರದೆ ಎಳೆಯುತ್ತಾ ಕೂರಬೇಕು. ನನ್ನ ಭೂತಗನ್ನಡಿಯ ಕಥೆಯೇ ಮತ್ತೆ.

ಇಷ್ಟಾದ ಮೇಲೂ ಸೆಟ್ಟೇ ಬೇಕು ಅಂದರೆ ಹೊಲಿಗೆ ಬೈಂಡಿಂಗ್ ಇರುವುದನ್ನು ಹುಡುಕಿ. ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿದರೆ ಹಾಳೆಗಳು ಮಡಿಕೆ ಮಡಿಕೆಯಾಗಿ, ಸಣ್ಣ ಸಣ್ಣ ಕಟ್ಟುಗಳಾಗಿ ಕಾಣಬೇಕು, ಕಟ್ಟಿನ ನಡುವೆ ಬಿಡಿಸಿದರೆ ದಾರ ಕಾಣಬೇಕು. ಮನೆಗೆ ಬಂದ ದಿನವೇ ಎಲ್ಲ ಸಂಪುಟದ ಪ್ಲಾಸ್ಟಿಕ್ ಬಿಚ್ಚಿ ಪುಟಸಂಖ್ಯೆ ಮೇಲೆ ಕಣ್ಣಾಡಿಸಿ. ಪುಸ್ತಕ ಕಟ್ಟುವುದು ಸಾಮಾನ್ಯವಾಗಿ 16 ಪುಟಗಳ ಮಡಿಕೆಯಲ್ಲಿ, ಹಾಗಾಗಿ ಬಿಟ್ಟುಹೋದರೆ 16 ಪುಟ ಒಟ್ಟಿಗೇ ಬಿಟ್ಟುಹೋಗುತ್ತದೆ, ಇಲ್ಲವೇ ಅದೇ 16 ಎರಡು ಸಲ ಬಂದಿರುತ್ತದೆ. ಕಪಾಟಿನಲ್ಲಿಟ್ಟು ವರ್ಷದ ಮೇಲೆ ನೋಡಿದರೆ ಯಾರೂ ಬದಲಾಯಿಸಿ ಕೊಡುವುದಿಲ್ಲ. ಪ್ಲಾಸ್ಟಿಕ್ ಬಿಚ್ಚಿದ ಸೆಟ್ ವಾಪಸ್ ತೆಗೆದುಕೊಳ್ಳುತ್ತಾರಾ ಅನ್ನುವುದನ್ನು ದುಡ್ಡು ಕೊಡುವ ಮುಂಚೆಯೇ ಕೇಳಿಕೊಳ್ಳಿ.