ಪ್ರತಿ: ಕನ್ನಡ ಮಾಧ್ಯಮದವರಿಗೆ ಇಂದೋರ್ ಐಐಎಂ ಆದೀತೇ?

ಕುಂಬಳೆಯ ಕನ್ನಡ ಮಾಧ್ಯಮದಲ್ಲಿ ಕಲಿತವಳು ಇಂದೋರ್ ಐಐಎಂನ ಐಪಿಎಂನಲ್ಲಿ (ಪಿಯುಸಿ/ಪ್ಲಸ್ ಟು ಮುಗಿಸಿ ಸೇರುವ ಐದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸ್) ನಿಭಾಯಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ ತಂಗೀ. ನಾನೂ ನಿಮ್ಮ ಕಾಸರಗೋಡಿನ ಕಡೆಯ ಬದಿಯಡ್ಕದವಳು, ಈಗ ಇಂದೋರಿನ ಅದೇ ಕೋರ್ಸಿನಲ್ಲಿ ಮೂರನೇ ವರ್ಷ. ಪ್ರವೇಶ ಪರೀಕ್ಷೆಯ ಗಣಿತಕ್ಕೆ ಭಾಷೆ ಅಷ್ಟು ಅಡ್ಡ ಬರುವುದಿಲ್ಲ. ಇಂಗ್ಲಿಷ್ ವಿಭಾಗಕ್ಕೆ ಈಗಿಂದಲೇ ದಿನಾ ಸಂಪಾದಕೀಯ ಓದಿ.

ನಿಜವಾದ ಕಷ್ಟ ಸೇರಿದ ಮೇಲೆ. ಕೆಲವು ವಿಷಯಗಳಲ್ಲಿ ತರಗತಿಯ ಚರ್ಚೆಗೂ ಅಂಕ ಉಂಟು. ದೊಡ್ಡ ಶಹರಗಳ ಮಕ್ಕಳು ಪಟಪಟ ಮಾತಾಡುವಾಗ ಗಂಟಲು ಒಣಗುತ್ತದೆ. ನನಗೆ ಧೈರ್ಯ ಬಂದದ್ದು ಸಹಕಾರಿ ಸಂಸ್ಥೆಗಳ ಚರ್ಚೆಯಲ್ಲಿ: ಅಡಿಕೆ ಬೆಲೆ ಕುಸಿದಾಗ ಬೆಳೆಗಾರರು ಒಟ್ಟಾಗಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದ್ದನ್ನು ವಿವರಿಸಿದೆ, ಎಲ್ಲರೂ ಕಿವಿಗೊಟ್ಟು ಕೇಳಿದರು. ನಿಮ್ಮ ತೋಟದ ಲೆಕ್ಕಾಚಾರವೂ ಅಲ್ಲಿ ಪಾಠವೇ.

ಶುಲ್ಕ ದುಬಾರಿ, ಬ್ಯಾಂಕ್ ಸಾಲದ ವಿಷಯ ಮನೆಯಲ್ಲಿ ಮೊದಲೇ ಮಾತಾಡಿ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲೂ ಅವಕಾಶ ಇದೆ.