ಏರಿಗಲ್ಲ, ಇಳುಕಲಿಗೆ ಹೆದರಿ: ಕೊಡಗಿನ ಚಳಿಯಲ್ಲಿ 21 ಕಿಲೋಮೀಟರ್

ಸುಗ್ಗಿ ಹಬ್ಬ ಪುತ್ತರಿ ಮುಗಿದು ಕಾಫಿ ಕೊಯ್ಲು ಜೋರಾಗುವ ಹೊತ್ತಿಗೆ ನನಗೆ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ಮಳೆಗಾಲವಿಡೀ ಸೊಂಟ ನೋವು, ಮಂಡಿ ನೋವು. ಈಗ ಎಲ್ಲಾ ಓಟದ್ದೇ. ಈ ಸಲ ಓಡುವವರೂ ಕೇಳಿದ್ದಾರೆ, ಓಡಿಸುವವರೂ ಕೇಳಿದ್ದಾರೆ. ಮೊದಲನೆಯ ಉತ್ತರ ಸ್ವಲ್ಪ ಉದ್ದವಾಯಿತು. ಉಳಿದವರಿಗೂ ಅದು ಬೇಕಾಗುತ್ತದೆ, ಹಾರಿಸಬೇಡಿ.

ಪ್ರಶ್ನೆ: ನನಗೆ 36 ವರ್ಷ. ಊರು ಮಡಿಕೇರಿ, ಕೆಲಸ ಮೈಸೂರಿನಲ್ಲಿ. ಅಲ್ಲಿ 10 ಕಿ.ಮೀ. ಓಡಲು ಸರಿಯಾಗಿ 1 ಗಂಟೆ ಬೇಕು. ಊರಿನ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. 2 ಗಂಟೆ 10 ನಿಮಿಷದಲ್ಲಿ ಮುಗಿಸಬಹುದಾ? ಏರುಗಳದ್ದೇ ಭಯ.

ಸಮತಟ್ಟು ರಸ್ತೆಯಾಗಿದ್ದರೆ ಹತ್ತಿರ ಹತ್ತಿರ ಬರುತ್ತಿದ್ದಿರಿ. ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಓಟಗಾರರು ಸಾಮಾನ್ಯವಾಗಿ ಹಾಕುವ ಲೆಕ್ಕದಲ್ಲಿ 10 ಕಿ.ಮೀ.ಗೆ 60 ನಿಮಿಷ ಎಂದರೆ 21.1 ಕಿ.ಮೀ.ಗೆ ಸುಮಾರು 2 ಗಂಟೆ 12 ನಿಮಿಷ. ಅದೂ 16-18 ಕಿ.ಮೀ.ನ ಲಾಂಗ್ ರನ್ ಎರಡು ಮೂರಾದರೂ ಮಾಡಿದ್ದರೆ. ಮಡಿಕೇರಿಯಲ್ಲಿ 2 ಗಂಟೆ 25 ನಿಮಿಷದಿಂದ ಎರಡೂವರೆ ಗಂಟೆ ಅಂದುಕೊಂಡು ಹೊರಡಿ. ಊರಿನ ಎತ್ತರದ ಚಿಂತೆ ಬೇಡ. 1,100 ಮೀಟರ್ ಚಿಲ್ಲರೆಗೆ ಉಸಿರು ಕಟ್ಟುವುದಿಲ್ಲ.

ಭಯದ ವಿಷಯಕ್ಕೆ ಬರೋಣ. ನೀವು ತಪ್ಪು ಜಾಗದಲ್ಲಿ ಹೆದರುತ್ತಿದ್ದೀರಿ. ಏರು ಮೋಸ ಮಾಡುವುದಿಲ್ಲ. ಏದುಸಿರು ಬರುತ್ತದೆ, ತಾನಾಗಿಯೇ ನಿಧಾನ ಆಗುತ್ತೀರಿ. ಇಳುಕಲಿನಲ್ಲಿ ಉಸಿರು ಹಗುರವಾಗಿರುತ್ತದೆ, ಗಾಳಿ ಮುಖಕ್ಕೆ ತಂಪಾಗಿ ಹೊಡೆಯುತ್ತದೆ, ವಾಚಿನಲ್ಲಿ ಪೇಸ್ (ಒಂದು ಕಿ.ಮೀ.ಗೆ ಹಿಡಿಯುವ ಸಮಯ) ಚೆನ್ನಾಗಿ ಕಾಣುತ್ತದೆ. ಏರಿನಲ್ಲಿ ಕಳೆದ ನಿಮಿಷಗಳನ್ನೆಲ್ಲಾ ಇಲ್ಲೇ ವಸೂಲು ಮಾಡೋಣ ಅನ್ನಿಸುತ್ತದೆ. ಪೂರ್ತಿ ವಸೂಲಾಗುವುದೇ ಇಲ್ಲ, ಏರಲು ಖರ್ಚಾದ ಶಕ್ತಿಯಷ್ಟು ಇಳಿಯುವಾಗ ಉಳಿಯುವುದಿಲ್ಲ. ಮೇಲಿಂದ ತೊಡೆ ಬೇರೆ ಹೋಗುತ್ತದೆ.

ಸಂಪಾಜೆ ಘಾಟಿ ಇಳಿಯುವ ಲಾರಿಗಳನ್ನು ನೋಡಿದ್ದೀರಲ್ಲ? ಅನುಭವಿ ಚಾಲಕ ಚಿಕ್ಕ ಗೇರಿನಲ್ಲಿ ಗುರ್ ಗುರ್ ಅನ್ನಿಸುತ್ತಾ ಇಳಿಯುತ್ತಾನೆ. ಹೊಸಬ ಬ್ರೇಕ್ ಒತ್ತುತ್ತಲೇ ಇಳಿಯುತ್ತಾನೆ, ಲೈನರ್ ಸುಟ್ಟ ವಾಸನೆ ಹಿಂದಿನ ಕಾರಿನವರೆಗೂ ಬರುತ್ತದೆ. ಇಳುಕಲಿನಲ್ಲಿ ನಿಮ್ಮ ಬ್ರೇಕ್ ಎಂದರೆ ತೊಡೆಯ ಮುಂಭಾಗದ ಸ್ನಾಯು. ಪ್ರತಿ ಹೆಜ್ಜೆ ಬಿದ್ದಾಗಲೂ ಅದು ಒಂದು ಕಡೆ ಎಳೆತಕ್ಕೆ ಉದ್ದವಾಗುತ್ತಾ, ಇನ್ನೊಂದು ಕಡೆ ಬಿಗಿ ಹಿಡಿಯಬೇಕು. ಹೀಗೆ ಎಳೆಯುತ್ತಾ ಬಿಗಿಯುವಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಓಡುವಾಗ ಗೊತ್ತೇ ಆಗುವುದಿಲ್ಲ. 16ನೇ ಕಿಲೋಮೀಟರಿಗೆ ಕಾಲು ಮರದ ತುಂಡಾಗುತ್ತದೆ. ಎರಡನೇ ದಿನಕ್ಕೆ ನೋವು ಜೋರಾಗುತ್ತದೆ. ನಾನು ಮೊದಲ ಸಲ ಬೆಟ್ಟದ ಹಾಫ್ ಓಡಿದಾಗ ಇಳುಕಲುಗಳಲ್ಲಿ ಕರುವಿನ ಹಾಗೆ ನೆಗೆದುಕೊಂಡು ಹೋಗಿದ್ದೆ. ಮಂಗಳವಾರ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಮಕ್ಕಳು ಇನ್ನೂ ಅದನ್ನು ಮಾಡಿ ತೋರಿಸಿ ನಗುತ್ತಾರೆ.

ಇದಕ್ಕೆ ಒಳ್ಳೆಯ ಮದ್ದು ಇಳುಕಲೇ. ಒಮ್ಮೆ ಹದವಾಗಿ ಇಳಿದು ನೋಯಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಹಾಗಾಗಿ ಮೈಸೂರಿನ ಒಳಗಿನ ಸಮತಟ್ಟು ರಸ್ತೆಗಳಲ್ಲೇ ಸುತ್ತಬೇಡಿ. ಚಾಮುಂಡಿ ಬೆಟ್ಟದ ರಸ್ತೆ ಇದೆಯಲ್ಲ, 8-10 ದಿನಕ್ಕೊಮ್ಮೆ ನಡೆದು ಹತ್ತಿ, ಓಡಿ ಇಳಿಯಿರಿ. ಮೊದಲ ಸಲ 2 ಕಿ.ಮೀ. ಸಾಕು. ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ಪಾದ ದೇಹದ ಕೆಳಗೇ ಊರಲಿ, ಮುಂದಕ್ಕೆ ಚಾಚಿ ಹಿಮ್ಮಡಿ ಕುಟ್ಟಬೇಡಿ. ಮೈ ಹಿಂದಕ್ಕೆ ವಾಲಿಸಿದರೆ ಬ್ರೇಕ್ ಇನ್ನೂ ಜಾಸ್ತಿ. ಕೊನೆಯ ಗಟ್ಟಿ ಇಳಿತ ಓಟಕ್ಕೆ ಎರಡು ವಾರ ಮೊದಲೇ ಮುಗಿದಿರಲಿ.

ಓಟದ ದಿನ ಪೇಸ್ ನೋಡಬೇಡಿ. ಏರಿನಲ್ಲಿ ಪಕ್ಕದವರ ಜೊತೆ ಒಂದು ವಾಕ್ಯ ಮಾತಾಡಲು ಆಗುತ್ತಿರಬೇಕು, ಆಗದಿದ್ದರೆ ನಡೆಯಿರಿ. ನಾಚಿಕೆ ಬೇಡ, ಕಡಿದಾದ ಜಾಗದಲ್ಲಿ ಬಿರುಸಿನ ನಡಿಗೆಗೂ ಓಟಕ್ಕೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಮೊದಲರ್ಧದ ಇಳುಕಲುಗಳಲ್ಲಿ ಬೇಕೆಂದೇ ತಡೆದುಕೊಳ್ಳಿ. ಜನ ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ, ಅವರಲ್ಲಿ ಅರ್ಧ ಜನ ಮುಂದೆ ಸಿಗುತ್ತಾರೆ.

ಶೂ ಬಗ್ಗೆ ಒಂದು ಮಾತು. ಮುಂದೆ ಹೆಬ್ಬೆರಳಿನ ಅಗಲ ಜಾಗ ಇರಲಿ, ಲೇಸನ್ನು ಹರಡಿನ ಹತ್ತಿರದ ಕೊನೆಯ ತೂತಿನವರೆಗೂ ಬಿಗಿಯಿರಿ. ಇಲ್ಲದಿದ್ದರೆ ಇಳಿಯುವಾಗ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ.

ಪ್ರಶ್ನೆ: ಸೋಮವಾರಪೇಟೆಯಲ್ಲಿ ಶಿಕ್ಷಕಿ, 41 ವರ್ಷ. ಮಂಜಿನ ಬೆಳಗಿನಲ್ಲಿ ಓಡಿ ನಿಂತ ಮೇಲೆ ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಸದ್ದು. ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ಓಡುವುದು ಬಿಡಬೇಕಾ?

ಬಿಡಬೇಕಿಲ್ಲ ಮೇಡಂ. ಆದರೆ ಓಟಕ್ಕೆ ಮೊದಲು ವೈದ್ಯರನ್ನು ಕಾಣಲೇಬೇಕು. ನೀವು ಹೇಳಿದ್ದು ಓಟದಿಂದ ಶ್ವಾಸನಾಳ ಬಿಗಿಯುವ ತೊಂದರೆಯ ಹಾಗೆ ಕಾಣುತ್ತದೆ. ಜೋರಾಗಿ ಓಡುವಾಗ ಬಾಯಿಂದ ಬಹಳ ಗಾಳಿ ಎಳೆಯುತ್ತೇವೆ. ಮೂಗಿನಲ್ಲಿ ಬೆಚ್ಚಗಾಗುವ ಅವಕಾಶ ಅದಕ್ಕೆ ಸಿಗುವುದಿಲ್ಲ. ಶ್ವಾಸನಾಳ ತಣ್ಣಗಾಗಿ, ಒಣಗಿ, ಬಿಗಿಯುತ್ತದೆ. ಓಟ ನಿಲ್ಲಿಸಿದ 5-10 ನಿಮಿಷಕ್ಕೆ ಕೆಮ್ಮು ಬರುವುದು ಇದರ ಗುರುತು. ವೈದ್ಯರು ಇನ್‌ಹೇಲರ್ ಕೊಟ್ಟರೆ ಸಾಮಾನ್ಯವಾಗಿ ಓಟಕ್ಕೆ ಸುಮಾರು 15 ನಿಮಿಷ ಮೊದಲು ತೆಗೆದುಕೊಳ್ಳಲು ಹೇಳುತ್ತಾರೆ. ಓಡುವಾಗ ಅದು ಜೇಬಿನಲ್ಲೇ ಇರಲಿ, ಬ್ಯಾಗಿನಲ್ಲಲ್ಲ.

ನೀವೇ ಮಾಡಿಕೊಳ್ಳಬಹುದಾದ್ದೂ ಇದೆ. 15-20 ನಿಮಿಷ ನಡಿಗೆ, ನಿಧಾನ ಓಟ, ನಡುವೆ ನಾಲ್ಕೈದು ಚಿಕ್ಕ ವೇಗದ ಓಟ, ಹೀಗೆ ಮೈ ಬೆಚ್ಚಗೆ ಮಾಡಿಕೊಂಡರೆ ಬಿಗಿತ ಕಡಿಮೆಯಾಗುತ್ತದೆ. ತೆಳು ಬಟ್ಟೆಯನ್ನು ಮೂಗು-ಬಾಯಿಗೆ ಸಡಿಲವಾಗಿ ಕಟ್ಟಿ. ತೋಟದ ಬದಿಯಲ್ಲಿ ಕಸ, ಎಲೆ ಸುಡುವ ಹೊಗೆ ಇದ್ದರೆ ಆ ದಾರಿ ಬಿಟ್ಟುಬಿಡಿ.

ಬಟ್ಟೆಯಲ್ಲೂ ಎಚ್ಚರ ಬೇಕು. ಬೆಳಗಿನ 12-14 ಡಿಗ್ರಿ ನಿಂತವರಿಗೆ ಚಳಿ, ಓಡುವವರಿಗೆ ಹಬ್ಬ. ಸ್ವೆಟರ್ ಹಾಕಿಕೊಂಡು ಓಡಿದರೆ ಮೂರನೇ ಕಿಲೋಮೀಟರಿಗೆ ಬೆವರಿ ಒದ್ದೆ. ಓಟ ಶುರುವಾಗುವವರೆಗೆ ಹಳೇ ಸ್ವೆಟರ್ ಇರಲಿ, ಆಮೇಲೆ ಯಾರ ಕೈಗಾದರೂ ಕೊಟ್ಟುಬಿಡಿ. ನಿಜವಾದ ಚಳಿ ಹಿಡಿಯುವುದು ಓಟ ಮುಗಿದ ಮೇಲೆ, ಒದ್ದೆ ಬಟ್ಟೆಯಲ್ಲಿ ಫೋಟೋಗೆ ನಿಂತಾಗ. ಒಣ ಬನಿಯನ್ ಮತ್ತು ಟವೆಲ್ ತನ್ನಿ, ಮೆಡಲ್ ಫೋಟೋ ಆಮೇಲೆ.

ಪ್ರಶ್ನೆ: ಸಿದ್ದಾಪುರ ಕಡೆ ತೋಟದಲ್ಲಿ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವವ). ಕೊಯ್ಲಿನ ಸಮಯ, ಬೆಳಗ್ಗೆ 5 ಗಂಟೆ ಬಿಟ್ಟರೆ ಬಿಡುವಿಲ್ಲ. ಆನೆ ಓಡಾಟ ಇದೆ. ಟಾರ್ಚ್ ಹಿಡಿದು ಓಡಲಾ?

ಬೇಡ. ಟಾರ್ಚ್ ಆನೆಗೆ ನಿಮ್ಮನ್ನು ತೋರಿಸಬಹುದು, ನಿಮಗೆ ಆನೆಯನ್ನು ತೋರಿಸುವುದಿಲ್ಲ. ಮಂಜಿನಲ್ಲಂತೂ ಬೆಳಕು ನಿಮ್ಮ ಮುಖಕ್ಕೇ ವಾಪಸ್ ಬರುತ್ತದೆ. ಭತ್ತ ಮಾಗಿದ ಕಾಲದಲ್ಲಿ ರಾತ್ರಿ ಗದ್ದೆಗೆ ಇಳಿದ ಆನೆಗಳು ತಿರುಗಿ ಹೋಗುವುದೂ ಅದೇ ಹೊತ್ತಿಗೆ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಮೂಡುವಾಗ ಹೆಚ್ಚುಕಡಿಮೆ 6.50. ಅದಕ್ಕೆ ಮೊದಲು ತೋಟದ ರಸ್ತೆಗೆ ಇಳಿಯಲೇಬೇಡಿ.

ನಿಮಗೆ ವಾರಕ್ಕೆ ಮೂರು ಓಟ ಸಾಕು. ಇಡೀ ದಿನ ತೋಟದ ಏರಿಳಿತದಲ್ಲಿ ಕಾಲಿಗೆ ಕೆಲಸ ಆಗುತ್ತಲೇ ಇದೆ. ಎಷ್ಟೋ ಜನ ಅದಕ್ಕೇ ಜಿಮ್‌ಗೆ ದುಡ್ಡು ಕೊಡುತ್ತಾರೆ! ಎರಡು ದಿನ ಮಧ್ಯಾಹ್ನದ ಬಿಡುವಿನಲ್ಲಿ, ಊಟಕ್ಕೆ ಮೊದಲು, ಕಣದಿಂದ ಕೆಲಸಗಾರರ ಲೈನ್ ಮನೆವರೆಗಿನ ಏರಿನಲ್ಲಿ 25 ನಿಮಿಷ ಹತ್ತಿ ಇಳಿಯಿರಿ. ಇಳುಕಲಿನ ಅಭ್ಯಾಸವೂ ಆಯಿತು. ಭಾನುವಾರ ಬಿಸಿಲು ಬಿದ್ದ ಮೇಲೆ ಜನ ಓಡಾಡುವ ರಸ್ತೆಯಲ್ಲಿ ಲಾಂಗ್ ರನ್. ಇಯರ್‌ಫೋನ್ ಮನೆಯಲ್ಲಿರಲಿ. ಹಸಿ ಲದ್ದಿ ಕಂಡರೆ, ಬಿದಿರು ಮುರಿಯುವ ಸದ್ದು ಕೇಳಿದರೆ ಅಲ್ಲಿಂದಲೇ ವಾಪಸ್. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಿ. ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಮಾತ್ರ ಮೊದಲೇ ಎಡಬದಿಗೆ ದಾಟಿಕೊಳ್ಳಿ. ಕೆಲಸದವರನ್ನು ತುಂಬಿಕೊಂಡ ಜೀಪುಗಳ ಅವಸರ ನಿಮಗೆ ಗೊತ್ತಿದ್ದೇ.

ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ನಡೆಯಿರಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆಗೆ ಹೋಗಿ.

ಪ್ರಶ್ನೆ: ಓಟದ ಹಿಂದಿನ ರಾತ್ರಿ ಮನೆಯಲ್ಲಿ ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು). ತಿನ್ನಬಹುದಾ? (ವಿರಾಜಪೇಟೆ)

ಕಡಂಬುಟ್ಟು ಹೊಟ್ಟೆ ತುಂಬಾ. ಅಕ್ಕಿಯ ಪಿಷ್ಟವೇ ನಾಳೆಯ ಇಂಧನ. ಪಂದಿ ಕರಿ ಎರಡು ತುಂಡು, ಅದೂ 7.30ರ ಒಳಗೆ. ಕೊಬ್ಬು ಜೀರ್ಣವಾಗಲು ಹೊತ್ತು ಬೇಕು. ಪಾತ್ರೆಯಲ್ಲಿ ಉಳಿದದ್ದು ಮಾರನೆಯ ದಿನ ಇನ್ನೂ ರುಚಿ ಅಲ್ವಾ?

ಬೆಳಗ್ಗೆ ಬೆಲ್ಲದ ಕಾಫಿ ಅಭ್ಯಾಸ ಇದ್ದರೆ ಓಟಕ್ಕೆ ಒಂದು ಗಂಟೆ ಮೊದಲು ಕುಡಿಯಿರಿ, ಶೌಚಾಲಯದ ಕೆಲಸವೂ ಮುಗಿಯುತ್ತದೆ. ಅಭ್ಯಾಸ ಇಲ್ಲದಿದ್ದರೆ ಅಂದೇ ಶುರು ಮಾಡಬೇಡಿ. ಎರಡು ಗಂಟೆ ದಾಟುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ-ಪಿಷ್ಟ ಬೇಕು. ಬಾಳೆಹಣ್ಣು, ಬೆಲ್ಲದ ತುಂಡು, ಕಿತ್ತಳೆ ಎಲ್ಲಾ ನಡೆಯುತ್ತದೆ. ಚಳಿಯಲ್ಲಿ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ನೀರಿನ ಟೇಬಲ್ ಬಂದಾಗ ಎರಡು ಗುಟುಕು ಕುಡಿಯಿರಿ. ಲೋಟಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ ಬೇರೆಯೇ ಅಪಾಯ.

ಪ್ರಶ್ನೆ: ನಮ್ಮ ಚಿಕ್ಕ ಊರಿನ ಸಂಘದಿಂದ 150 ಜನರ ಓಟ. ಹೋದ ವರ್ಷ "ದೂರ ಜಾಸ್ತಿ ಇತ್ತು" ಎಂದು ಜಗಳವಾಯಿತು. ಹೇಗೆ ಅಳೆಯುವುದು?

ಬೈಕಿನ ಮೀಟರ್ ನಂಬಬೇಡಿ, ಓಟಗಾರರ ವಾಚನ್ನೂ ನಂಬಬೇಡಿ. ಮರಗಳ ಕೆಳಗೆ, ತಿರುವುಗಳಲ್ಲಿ ಜಿಪಿಎಸ್ ತಪ್ಪುತ್ತದೆ. ಮಾನ್ಯತೆ ಪಡೆದ ಓಟಗಳಲ್ಲಿ ಚಕ್ರದ ಸುತ್ತು ಎಣಿಸುವ ಸಾಧನ ಕಟ್ಟಿದ ಸೈಕಲ್ಲಿನಲ್ಲಿ, ಪ್ರತಿ ತಿರುವಿನ ಒಳಅಂಚಿಗೆ ಹತ್ತಿರವಾಗಿ, ಅತಿ ಚಿಕ್ಕ ದಾರಿಯಲ್ಲಿ ಅಳೆಯುತ್ತಾರೆ. ಕಡಿಮೆ ಬೀಳದಿರಲಿ ಎಂದು ಕಿಲೋಮೀಟರಿಗೆ 1 ಮೀಟರ್ ಸೇರಿಸುತ್ತಾರೆ. ಅಂದರೆ 21.0975 ಕಿ.ಮೀ.ಗೆ ಸುಮಾರು 21 ಮೀಟರ್. ಓಟಗಾರರು ತಿರುವಿನ ಹೊರಗಿನಿಂದ ಸುತ್ತಿಕೊಂಡು ಬರುವುದರಿಂದ ಅವರ ವಾಚಿನಲ್ಲಿ ಸ್ವಲ್ಪ ಹೆಚ್ಚು ಬಂದೇ ಬರುತ್ತದೆ. ಇದನ್ನು ಬಿಬ್ (ಎದೆಗೆ ಸಿಕ್ಕಿಸುವ ನಂಬರ್ ಚೀಟಿ) ಕೊಡುವಾಗಲೇ ಹೇಳಿ.

ಮಡಿಕೇರಿ ಕಡೆಯಿಂದ ಕುಶಾಲನಗರಕ್ಕೆ ಇಳಿಸುವ ಯೋಚನೆ ಎಂದೂ ಬರೆದಿದ್ದೀರಿ. 30 ಕಿ.ಮೀ.ನಲ್ಲಿ ಸುಮಾರು 300 ಮೀಟರ್ ಇಳಿತ ಅದು. ದಾಖಲೆಗೆ ಒಪ್ಪುವುದು ಕಿಲೋಮೀಟರಿಗೆ 1 ಮೀಟರ್ ಇಳಿತ ಮಾತ್ರ. ದಾಖಲೆ ಹೋಗಲಿ, 150 ಜನರ ತೊಡೆಯ ಬಗ್ಗೆ ಯೋಚಿಸಿ. ಹೋಗಿ ಬರುವ ದಾರಿಯೇ ಒಳ್ಳೆಯದು. ನೀರಿನ ಟೇಬಲ್ ಇಳುಕಲಿನಲ್ಲಿ ಇಡಬೇಡಿ, ಒದ್ದೆ ರಸ್ತೆಯಲ್ಲಿ ಜಾರುತ್ತಾರೆ. ಆಂಬುಲೆನ್ಸ್, ಪೊಲೀಸ್ ಅನುಮತಿ, ಕೊನೆಯವರ ಹಿಂದೆ ಒಂದು ವಾಹನ, ಇವಿಲ್ಲದೆ ಓಟವೇ ಬೇಡ. ಬೆಳಕು ಹರಿದ ಮೇಲೆ, 7ಕ್ಕೆ ಶುರು ಮಾಡಿ.

ಪ್ರಶ್ನೆ: ನಾಪೋಕ್ಲು ಬಳಿಯ ನಿವೃತ್ತ ಸೈನಿಕ, 63 ವರ್ಷ. ಸೈನ್ಯದಲ್ಲಿ ಚೆನ್ನಾಗಿ ಓಡುತ್ತಿದ್ದೆ. 20 ವರ್ಷದಿಂದ ಓಡಿಲ್ಲ. ಇನ್ನು 7 ವಾರ ಇದೆ, ಹಾಫ್ ಆಗುತ್ತಾ?

ಈ ಜನವರಿಗೆ ಬೇಡ ಸರ್. ನಿಮ್ಮ ಮನಸ್ಸಿಗೆ ಸೈನ್ಯದ ಓಟ ನೆನಪಿದೆ, ಮೀನಖಂಡಕ್ಕೆ ನೆನಪಿಲ್ಲ. ಉಸಿರು ಬೇಗ ಸುಧಾರಿಸುತ್ತದೆ, ಸ್ನಾಯುಬಂಧ ಮತ್ತು ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಗಾಯಗಳಾಗುವುದು ಈ ನಡುವಿನ ಅಂತರದಲ್ಲೇ.

ಮೊದಲು ರಕ್ತದೊತ್ತಡ, ಸಕ್ಕರೆ, ಇಸಿಜಿ ಮಾಡಿಸಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನೇ ಕೇಳಿ. ಏರು ಹತ್ತುವಾಗ ಎದೆ ಹಿಡಿದಂತಾಗುವುದು, ದವಡೆ ಅಥವಾ ಎಡಗೈ ನೋವು, ತಲೆ ತಿರುಗುವುದು ಇದ್ದರೆ ಓಟದ ಮಾತು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಎಲ್ಲಾ ಸರಿಯಿದ್ದರೆ ವಾರಕ್ಕೆ ನಾಲ್ಕು ದಿನ ನಡಿಗೆ. ಮೂರನೇ ವಾರದಿಂದ 4 ನಿಮಿಷ ನಡೆದು 1 ನಿಮಿಷ ಓಡಿ. ಓಟದ ದಿನ 5 ಕಿ.ಮೀ. ವಿಭಾಗ ಇದ್ದರೆ ಹೀಗೇ ನಡೆಯುತ್ತಾ ಓಡುತ್ತಾ ಮುಗಿಸಿ. ಹಾಫ್ ಅನ್ನು ಮುಂದಿನ ಚಳಿಗಾಲಕ್ಕೆ ಇಟ್ಟುಕೊಳ್ಳೋಣ. ಇಸಿಜಿ ವರದಿ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ, ಫೆಬ್ರವರಿಯಿಂದ ವಾರವಾರದ ಲೆಕ್ಕ ಹಾಕಿ ಕೊಡುತ್ತೇನೆ.