ಹುಣಸೆ ಮರದ ಕೆಳಗೆ ನಿಂತ ಟ್ರ್ಯಾಕ್ಟರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಮ್ಯಾಸಿ 1035 ಹದಿನಾಲ್ಕು ವರ್ಷದಿಂದ ಹುಣಸೆ ಮರದ ಕೆಳಗೆ ನಿಂತಿದೆ. ಇಂಜಿನ್ ಜಾಮ್ ಆಗಿದೆ. ಬೇರೆ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಟಾಪ್ ಗೇರಿನಲ್ಲಿ ಎಳೆದರೆ ಬಿಟ್ಟುಕೊಳ್ಳುತ್ತದೆ ಅನ್ನುತ್ತಾರೆ. ಎಳೆಸಬಹುದೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಬೇಡ. ಹಳೇ ಇಂಜಿನ್‌ಗಳು ತುಕ್ಕಿನಿಂದ ಕೆಟ್ಟದ್ದಕ್ಕಿಂತ ಹೀಗೆ ಎಳೆಸಿ ಕೆಟ್ಟದ್ದೇ ಹೆಚ್ಚು. ಸೈಲೆನ್ಸರ್ ಬಾಯಿಗೆ ಡಬ್ಬ ಮುಚ್ಚದೆ ಬಿಟ್ಟಿದ್ದರೆ ಮಳೆನೀರು ಸೀದಾ ಒಳಗಿಳಿದು, ಯಾವ ಸಿಲಿಂಡರಿನ ಎಗ್ಸಾಸ್ಟ್ ವಾಲ್ವ್ ತೆರೆದು ನಿಂತಿತ್ತೋ ಅದರ ಪಿಸ್ಟನ್ ತಲೆಯ ಮೇಲೆ ಕೂತಿರುತ್ತದೆ. ಮೂರು ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಕಚ್ಚಿರುವುದು ಆ ಒಂದೇ. ಎಳೆದಾಗ ಉಳಿದೆರಡು ಪಿಸ್ಟನ್ ಚಲಿಸಲು ನೋಡುತ್ತವೆ, ಕಚ್ಚಿದ್ದು ಬಿಡುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ರಿಂಗ್ ಮುರಿದು ಚೂರು ಲೈನರನ್ನು (ಸಿಲಿಂಡರಿನ ಒಳಗಿನ ಕೊಳವೆ) ಗೀರುತ್ತದೆ. ಮೇಲೆ ನೀರೇ ನಿಂತಿದ್ದರೆ ಇನ್ನೂ ಕಷ್ಟ, ನೀರನ್ನು ಅದುಮಲು ಆಗುವುದಿಲ್ಲ.

ಮೊದಲು ಚೇಂಬರಿನ, ಅಂದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿಯ, ಪ್ಲಗ್ ಬಿಚ್ಚಿ. ಆಯಿಲಿಗಿಂತ ಮುಂಚೆ ನೀರು ಬಂದರೆ ಎಷ್ಟು ಬಂತೆಂದು ಅಳೆದಿಡಿ. ಆಮೇಲೆ ಇಂಜಿನ್ ಮೇಲ್ಗಡೆಯ ರಾಕರ್ ಕವರ್ (ವಾಲ್ವ್ ಮುಚ್ಚಳ) ತೆಗೆದು ವಾಲ್ವ್‌ಗಳನ್ನು ನೋಡಿ. ತೆರೆದೇ ಅಂಟಿಕೊಂಡ ವಾಲ್ವ್ ಇದ್ದರೆ ಇಂಜಿನ್ ಬಿಟ್ಟುಕೊಂಡ ಕೂಡಲೇ ಪುಶ್ ರಾಡ್ ಬಾಗಿಸುತ್ತದೆ. ಬುಡಕ್ಕೆ ಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸ್ಪ್ರಿಂಗ್ ತಾನಾಗಿ ಮೇಲೆತ್ತುವವರೆಗೂ ಸಡಿಲಿಸಿ.

ಈಗ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂರೂ ನಾಜಲ್ ಬಿಚ್ಚಿ. ಅಡಿಯ ತಾಮ್ರದ ವಾಷರ್ ಒಳಗೇ ಅಂಟಿರುತ್ತದೆ, ಅದನ್ನೂ ತೆಗೆಯಿರಿ. ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಆಯಿಲ್ ಅರ್ಧ, ಅಸಿಟೋನ್ ಅರ್ಧ ಬೆರೆಸಿ ಒಂದೊಂದು ಸಿಲಿಂಡರಿಗೂ 100 ಎಂಎಲ್‌ನಷ್ಟು ಬಿಡಿ. ಎರಡೂ ಬೇಗ ಬೇರೆಯಾಗುತ್ತವೆ, ಹಾಗಾಗಿ ಪ್ರತಿ ಸಲವೂ ಬಾಟಲಿ ಕುಲುಕಿಯೇ ಸುರಿಯಬೇಕು. ಅಸಿಟೋನ್ ಪೆಟ್ರೋಲಿನಂತೆ ಹೊತ್ತಿಕೊಳ್ಳುತ್ತದೆ, ಹತ್ತಿರ ಬೀಡಿ ಬೇಡ. ಅಸಿಟೋನ್ ಸಿಗದಿದ್ದರೆ ಎಟಿಎಫ್ ಜೊತೆ ಡೀಸೆಲ್ ಆದೀತು, ನಿಧಾನ ಅಷ್ಟೇ. ದಿನಾ ಟಾರ್ಚ್ ಬಿಟ್ಟು ನೋಡಿ. ಯಾವುದರಲ್ಲಿ ದ್ರವ ಇಳಿಯದೆ ಹಾಗೇ ನಿಂತಿದೆಯೋ ಕಚ್ಚಿಕೊಂಡಿರುವುದು ಬಹುಮಟ್ಟಿಗೆ ಅದೇ.

ಎಂಟು ಹತ್ತು ದಿನ ಬಿಟ್ಟು ಗೇರ್ ನ್ಯೂಟ್ರಲ್ ಮಾಡಿ, ಸೆಲ್ಫ್ ಮೋಟರ್ ಬಿಚ್ಚಿ, ಆ ತೂತಿನಲ್ಲಿ ಕಾಣುವ ಫ್ಲೈವೀಲ್ ಹಲ್ಲಿಗೆ ಸಬ್ಬಲ್ ಕೊಟ್ಟು ಮೀಟಿ. ಒಂದೇ ಕಡೆ ಜಗ್ಗಬೇಡಿ. ಅರ್ಧ ಹಲ್ಲು ಮುಂದೆ, ಅರ್ಧ ಹಲ್ಲು ಹಿಂದೆ. ಮೊದಲ ಸಲ ಕಂಡೂ ಕಾಣದಷ್ಟು ಅಲ್ಲಾಡಿದರೂ ಗೆದ್ದ ಹಾಗೆ, ಆ ದಿನಕ್ಕೆ ಅಷ್ಟೇ ಸಾಕು. ಮತ್ತೆ ಎಣ್ಣೆ ಬಿಟ್ಟು ಮರುದಿನ ಬನ್ನಿ. ಮೂರು ವಾರಕ್ಕೂ ಜಗ್ಗದಿದ್ದರೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸಿ, ಬೋರಿನೊಳಗೆ, ಅಂದರೆ ಸಿಲಿಂಡರಿನ ತೂತಿನೊಳಗೆ, ಸಲೀಸಾಗಿ ಕೂರುವ ಗುಂಡನೆಯ ಮರದ ದಿಮ್ಮಿ ಇಟ್ಟು ತಟ್ಟಿ. ಪಿಸ್ಟನ್ ಅಲ್ಯೂಮಿನಿಯಂ. ಕಬ್ಬಿಣದ ಪೆಟ್ಟು ಬಿದ್ದರೆ ಹೋಯಿತು.

ಬಿಟ್ಟುಕೊಂಡ ಮೇಲೆ ಸೆಲ್ಫ್ ಜೋಡಿಸಿ, ನಾಜಲ್ ತೂತಿನ ಮೇಲೆ ಗೋಣಿ ಹಾಕಿ, ಡೀಸೆಲ್ ನಿಲ್ಲಿಸುವ ಸ್ಟಾಪ್ ಎಳೆದಿಟ್ಟು ತಿರುಗಿಸಿ. ಒಳಗಿದ್ದದ್ದೆಲ್ಲ ಹೊರಗೆ ಚಿಮ್ಮುತ್ತದೆ. ಉಳಿದದ್ದು ಚೇಂಬರಿಗೆ ಇಳಿದಿರುತ್ತದೆ, ಆದ್ದರಿಂದ ಆಯಿಲ್, ಫಿಲ್ಟರ್ ಎರಡೂ ಹೊಸದಾಗಬೇಕು. ರಾಕರ್ ಮೇಲೆ ಆಯಿಲ್ ಹರಿಯುವುದು ಕಣ್ಣಿಗೆ ಕಂಡ ನಂತರವೇ ಸ್ಟಾರ್ಟಿನ ಮಾತು. ಈ ಪರ್ಕಿನ್ಸ್ ಮೂರು ಸಿಲಿಂಡರ್ ಇಂಜಿನ್‌ಗೆ ಟ್ಯಾಪೆಟ್ (ವಾಲ್ವ್ ತುದಿಗೂ ರಾಕರಿಗೂ ನಡುವಿನ ಸಂದು) ತಣ್ಣಗಿರುವಾಗ 0.30 ಮಿ.ಮೀ., ಅಂದರೆ ಹಳೇ ಮೇಸ್ತ್ರಿಗಳ ಲೆಕ್ಕದಲ್ಲಿ 12 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ). ಬಿಸಿ ಇದ್ದಾಗ 10.

ಡೀಸೆಲ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೊ ಕಂಪನಿಯ ಹೆಸರು ಇನ್ನೂ ಬೋರ್ಡಿನ ಮೇಲಿರುವ ಪಂಪ್ ಅಂಗಡಿ ಹುಡುಕಿ, ಪಂಪು ನಾಜಲು ಎರಡನ್ನೂ ಟೆಸ್ಟ್ ಬೆಂಚಿಗೆ ಹಾಕಿಸಿ. ಹಳೇ ಡೀಸೆಲ್ ಗೋಂದಿನಂತಾಗಿ ಪಂಪಿನೊಳಗೆ ಅಂಟಿರುತ್ತದೆ. ಡೀಸೆಲ್ ಪೂರ್ತಿ ಬಿಡುವ ಸ್ಥಿತಿಯಲ್ಲೇ ಅಂಟಿದ್ದರೆ ಇಂಜಿನ್ ಸ್ಟಾರ್ಟ್ ಆದೊಡನೆ ಹುಚ್ಚು ವೇಗಕ್ಕೆ ಹೋಗುತ್ತದೆ, ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ. ಅದಕ್ಕೇ ಮೊದಲ ಸ್ಟಾರ್ಟಿಗೆ ಏರ್ ಕ್ಲೀನರ್ ಪೈಪ್ ಕಳಚಿ, ಗಾಳಿ ಎಳೆಯುವ ಬಾಯಿಯ ಪಕ್ಕ ಒಬ್ಬರು ಹಲಗೆ ಹಿಡಿದು ನಿಂತಿರಲಿ. ಅಂಗೈಯಿಂದ ಮುಚ್ಚಲು ಹೋಗಬಾರದು.

ಪ್ರಶ್ನೆ: ಎಚ್‌ಎಂಟಿ 2511ರ ಇಂಜಿನ್ ಆಯಿಲ್ ಮಜ್ಜಿಗೆ ಥರ ಬಿಳಿಯಾಗಿದೆ. ಹೆಡ್ ಗ್ಯಾಸ್ಕೆಟ್ ಎರಡು ಸಲ ಬದಲಾಯಿಸಿದ್ದಾಯಿತು. ಇದರ ಸಾಮಾನು ಇನ್ನು ಸಿಗುತ್ತದೆಯೇ?
— ಓದುಗರು, ಸಿಂಧನೂರು

ಉತ್ತರ: ಗ್ಯಾಸ್ಕೆಟ್ ಮೂರನೇ ಸಲ ಹಾಕುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ಕಂಡುಕೊಳ್ಳಿ. ಜೆಕ್ ಕಂಪನಿ ಜೆಟರ್ ವಿನ್ಯಾಸದ ಈ ಇಂಜಿನ್‌ನಲ್ಲಿ ಲೈನರ್ ವೆಟ್ ಜಾತಿಯದು. ಹೊರಮೈಗೆ ನೀರು ತಾಗಿಕೊಂಡೇ ಇರುತ್ತದೆ, ಕೆಳಗಡೆ ರಬ್ಬರ್ ರಿಂಗ್ ಮಾತ್ರ ತಡೆ. ಆಯಿಲ್ ಇಳಿಸಿ ಚೇಂಬರ್ ಬಿಚ್ಚಿ, ರೇಡಿಯೇಟರ್ ತುಂಬಿಸಿ, ಅಡಿಗೆ ಹಳೇ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಗ್ಗೆ ಲೈನರಿನ ಹೊರ ಅಂಚಿನಿಂದ ತೊಟ್ಟಿಕ್ಕುತ್ತಿದ್ದರೆ ರಬ್ಬರ್ ರಿಂಗ್ ಹೋಗಿದೆ. ಬೋರಿನ ಒಳಗಿಂದ ಪಿಸ್ಟನ್ ಸವರಿಕೊಂಡು ಇಳಿಯುತ್ತಿದ್ದರೆ ಹೆಡ್ ಬಿರುಕು, ಗ್ಯಾಸ್ಕೆಟ್, ಇಲ್ಲವೇ ತೂತು ಬಿದ್ದ ಲೈನರ್.

ರಿಂಗ್ ಬದಲಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಬೋರ್‌ವೆಲ್ ನೀರಿನ ಸುಣ್ಣ ಬ್ಲಾಕಿನಲ್ಲಿ ಲೈನರ್ ಕೂರುವ ಜಾಗದಲ್ಲಿ ಗಟ್ಟಿಯಾಗಿರುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯದಿದ್ದರೆ ಹೊಸ ರಿಂಗ್ ಕೂರುವಾಗಲೇ ಹರಿಯುತ್ತದೆ. ರಿಂಗಿಗೆ ಸೋಪಿನ ನೀರು ಸವರಿ, ತಿರುಚಿಲ್ಲ ಅಂತ ಬೆರಳಾಡಿಸಿ ನೋಡಿ, ಕೈಯಲ್ಲೇ ಒತ್ತಿ. ಲೈನರಿನ ಮೇಲಂಚು ಬ್ಲಾಕಿಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಕೆಳಗೆ ಇಳಿದಿದ್ದರೆ ಗ್ಯಾಸ್ಕೆಟ್ ಎಷ್ಟು ಸಲ ಹಾಕಿದರೂ ನಿಲ್ಲುವುದಿಲ್ಲ. ನಿಮ್ಮ ಎರಡು ಗ್ಯಾಸ್ಕೆಟ್ ಹೋದದ್ದೂ ಹಾಗೇ ಇರಬಹುದು. ಹೆಡ್ ಕೂರಿಸುವ ಮೊದಲೇ ನೀರು ತುಂಬಿಸಿ ಇನ್ನೊಂದು ರಾತ್ರಿ ಕಾಯಿರಿ.

ಎಚ್‌ಎಂಟಿ ಹರಿಯಾಣದ ಪಿಂಜೋರಿನಲ್ಲಿ 1971ರಿಂದ ಟ್ರ್ಯಾಕ್ಟರ್ ಮಾಡುತ್ತಿತ್ತು. 2016ರಲ್ಲಿ ಆ ವಿಭಾಗ ಮುಚ್ಚುವ ತೀರ್ಮಾನವಾಯಿತು. ಆದರೂ ಹತಾಶರಾಗಬೇಕಿಲ್ಲ. ಎರಡು ಸಿಲಿಂಡರಿನ 2511, ಮೂರು ಸಿಲಿಂಡರಿನ 3511 ಒಂದೇ ಮನೆತನದವು, ಎರಡಕ್ಕೂ ಬೋರು (ಸಿಲಿಂಡರಿನ ಅಗಲ) 95, ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) 110 ಮಿ.ಮೀ. ಬರೀ 2511 ಅಂತ ಕೇಳಿದರೆ ಅಂಗಡಿಯವರು ಇಲ್ಲ ಅನ್ನುತ್ತಾರೆ, 3511 ಅಂತಲೂ ಕೇಳಿ. ಹಳೇ ಲೈನರ್ ಮತ್ತು ಅಳೆಯಲು ವರ್ನಿಯರ್ ಎರಡೂ ಕೈಯಲ್ಲಿರಲಿ.

ಪ್ರಶ್ನೆ: ಇಂಗ್ಲೆಂಡಿನಿಂದ ಬಂದ ಹಳೇ ಮ್ಯಾಸಿ 35. ಹೊಸ ಬ್ಯಾಟರಿ ಹಾಕಿದ ಮೇಲೆ ಆಂಪಿಯರ್ ಮೀಟರಿನ ಮುಳ್ಳು ಉಲ್ಟಾ ಹೋಗುತ್ತದೆ. ಡೈನಮೋವನ್ನು ಬ್ಯಾಟರಿಗೆ ಕೂಡಿಸಿ ಬಿಡಿಸುವ ಕಟೌಟ್ ಸ್ವಿಚ್ಚಿನ ಪಾಯಿಂಟ್ ಸುಟ್ಟಿದೆ.
— ಓದುಗರು, ಮದ್ದೂರು

ಉತ್ತರ: ಬ್ಯಾಟರಿ ತಿರುವುಮುರುವಾಗಿ ಕೂತಿದೆ. ಆ ಕಾಲದ ಲ್ಯೂಕಾಸ್ ಕಂಪನಿಯ ವೈರಿಂಗಿನಲ್ಲಿ ಟ್ರ್ಯಾಕ್ಟರಿನ ಬಾಡಿಗೆ, ಅಂದರೆ ಲೋಹದ ಮೈಗೆ, ಹೋಗುವುದು ಪ್ಲಸ್. ಈಗಿನ ಎಲೆಕ್ಟ್ರಿಷಿಯನ್‌ಗಳು ಅಭ್ಯಾಸಬಲದಿಂದ ಮೈನಸ್ ಕಟ್ಟಿಬಿಡುತ್ತಾರೆ. ಡೈನಮೋದಲ್ಲಿ ಉಳಿದ ಅಯಸ್ಕಾಂತದ ಗುಣ ಹಳೇ ದಿಕ್ಕಿನದೇ ಆದ್ದರಿಂದ ಕಟೌಟ್ ಕೂಡಿದಾಗ ಬ್ಯಾಟರಿ, ಡೈನಮೋ ಎರಡರ ವೋಲ್ಟೂ ಒಟ್ಟಾಗಿ ಪಾಯಿಂಟ್ ಸುಡುತ್ತದೆ.

ಪ್ಲಸ್ಸನ್ನೇ ಬಾಡಿಗೆ ಕಟ್ಟಿ. ಬಳಿಕ ಅಯಸ್ಕಾಂತದ ದಿಕ್ಕು ಖಾತ್ರಿ ಮಾಡಲು ಡೈನಮೋದ 'ಎಫ್' ವೈರ್ ಕಳಚಿ, ಬ್ಯಾಟರಿಯ ಇನ್ನೊಂದು ತುದಿಯಿಂದ, ಅಂದರೆ ಮೈನಸ್ಸಿನಿಂದ, ಒಂದು ವೈರ್ ತಂದು 'ಎಫ್' ಟರ್ಮಿನಲ್ಲಿಗೆ ಎರಡು ಮೂರು ಸಲ ಮುಟ್ಟಿಸಿ. ಸಣ್ಣ ಕಿಡಿ ಹಾರುತ್ತದೆ, ಅಷ್ಟೇ. ಡೈನಮೋ ಜೀವಂತ ಇದೆಯೇ ಎಂದು ತಿಳಿಯಲು 'ಡಿ', 'ಎಫ್' ವೈರ್ ಎರಡೂ ಕಳಚಿ, ಆ ಎರಡು ಟರ್ಮಿನಲ್ ಒಂದಕ್ಕೊಂದು ಸೇರಿಸಿ, ಅದಕ್ಕೂ ಬಾಡಿಗೂ ನಡುವೆ ವೋಲ್ಟ್ ಮೀಟರ್ ಹಿಡಿದು ಆಕ್ಸಿಲರೇಟರ್ ಮೆಲ್ಲಗೆ ಏರಿಸಿ. ವೋಲ್ಟು ಸರಸರನೆ ಏರಿದರೆ ಸರಿ, 20 ದಾಟಿಸಬೇಡಿ. ಸೆಲ್ಫ್ ಮೋಟರಿಗೆ ಪ್ಲಸ್ ಮೈನಸ್ ಭೇದವಿಲ್ಲ, ಹೇಗೆ ಕಟ್ಟಿದರೂ ಅದೇ ದಿಕ್ಕಿಗೆ ತಿರುಗುತ್ತದೆ. ತಪ್ಪು ಗೊತ್ತಾಗದೆ ಹೋಗುವುದು ಇದರಿಂದಲೇ.

ಪ್ರಶ್ನೆ: ನಮ್ಮದೂ ಮ್ಯಾಸಿ 35. ಇಂಜಿನ್ ಚೆನ್ನಾಗಿದೆ, ನೇಗಿಲು ಎತ್ತುವ ಲಿಫ್ಟ್ ಮಾತ್ರ ಎತ್ತುವುದಿಲ್ಲ.
— ಓದುಗರು, ಗಂಗಾವತಿ

ಉತ್ತರ: ಪಿಟಿಒ (ಹಿಂದಿನ ಯಂತ್ರಗಳಿಗೆ ಇಂಜಿನ್ ಶಕ್ತಿ ಕೊಡುವ ಶಾಫ್ಟು) ಲಿವರ್ ಹಾಕಿ ನೋಡಿದಿರಾ? 35ರಲ್ಲಿ ಹೈಡ್ರಾಲಿಕ್ ಪಂಪನ್ನು ತಿರುಗಿಸುವುದೇ ಪಿಟಿಒ ಶಾಫ್ಟು. ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಪಂಪ್ ಸುಮ್ಮನಿರುತ್ತದೆ. ಇದು ತಿಳಿಯದೆ ಪಂಪ್ ಬಿಚ್ಚಿಸಿದವರು ಬೇಕಾದಷ್ಟಿದ್ದಾರೆ. ಲಿವರ್ ಹಾಕಿದರೂ ಎತ್ತದಿದ್ದರೆ ಆಯಿಲ್ ನೋಡಿ. ಪಂಪು ಹಿಂದಿನ ಆಕ್ಸಲ್ ಆಯಿಲಿನಲ್ಲೇ ಮುಳುಗಿ ಕೂತಿರುತ್ತದೆ, ಗೇರ್ ಲಿವರಿನ ರಬ್ಬರ್ ಹರಿದಿದ್ದರೆ ಮಳೆನೀರೆಲ್ಲ ಅಲ್ಲಿಗೇ. ಎತ್ತಿ, ಇಂಜಿನ್ ನಿಲ್ಲಿಸಿದ ತಕ್ಷಣ ನೇಗಿಲು ಧಪ್ಪನೆ ಇಳಿದರೆ ಲಿಫ್ಟ್ ಪಿಸ್ಟನ್ನಿನ ರಿಂಗು ಅಥವಾ ಆಯಿಲ್ ಏರುವ ಪೈಪಿನ ಓ-ರಿಂಗು.

ಪ್ರಶ್ನೆ: ಮರಳು ಹೊಡೆಸಿ ಹೊಸ ಪೇಂಟ್ ಮಾಡಿಸಬೇಕೆಂದಿದ್ದೇವೆ. ಯಾವ ಬಣ್ಣ?
— ಓದುಗರು, ಸಾಗರ

ಉತ್ತರ: ಬಾನೆಟ್, ಮಡ್‌ಗಾರ್ಡ್, ರಿಮ್ಮಿಗೆ ಮಾತ್ರ, ಅದೂ ಬಿಚ್ಚಿ ದೂರ ಒಯ್ದು ಹೊಡೆಸಿ. ಜೋಡಿಸಿದ ಇಂಜಿನ್ನಿಗೆ ಹೊಡೆಸಿದರೆ ಮರಳು ಆಯಿಲ್ ಸೀಲ್ ದಾಟಿ ಬೇರಿಂಗ್ ಸೇರುತ್ತದೆ. ಇಂಜಿನ್ನಿಗೆ ಸೀಮೆಎಣ್ಣೆ, ತಂತಿ ಬ್ರಷ್, ತಾಳ್ಮೆ. ಬಣ್ಣದ ಸಾಕ್ಷಿ ಗಾಡಿಯಲ್ಲೇ ಇದೆ: ಡೀಸೆಲ್ ಟ್ಯಾಂಕಿನ ಪಟ್ಟಿಯ ಅಡಿ, ಮೀಟರ್ ತಗಡಿನ ಹಿಂಬದಿ ಬಿಸಿಲು ತಾಗದ ಜಾಗದಲ್ಲಿ ಮೂಲ ಬಣ್ಣ ಹಾಗೇ ಉಳಿದಿರುತ್ತದೆ. ಆ ತುಂಡನ್ನೇ ಪೇಂಟ್ ಅಂಗಡಿಗೆ ಒಯ್ದು ಹೊಂದಿಸಿ. ಅರ್ಧಕ್ಕಿಂತ ಹೆಚ್ಚು ಹಳೇ ಪೇಂಟ್ ಉಳಿದಿದ್ದರೆ ಬಳಿಸಲೇಬೇಡಿ ಅನ್ನುವುದು ನಮ್ಮ ಅಭಿಪ್ರಾಯ. ತೊಳೆದು, ತುಕ್ಕು ಕಂಡಲ್ಲಿ ಮಾತ್ರ ಕೆರೆದು, ತೆಳುವಾಗಿ ಎಣ್ಣೆ ಸವರಿ. ಬಳಿಸುವುದೇ ಆದರೆ ಗ್ರೀಸ್ ನಿಪ್ಪಲ್, ಚಾಸಿ ನಂಬರ್ ತಗಡು ಎರಡಕ್ಕೂ ಮೊದಲು ಟೇಪ್ ಅಂಟಿಸಿ. ಬಣ್ಣ ಕುಡಿದ ನಿಪ್ಪಲ್ಲಿಗೆ ಗ್ರೀಸ್ ಏರುವುದಿಲ್ಲ, ನಂಬರ್ ಓದಲಾಗದಿದ್ದರೆ ಆರ್‌ಸಿ ಜೊತೆ ತಾಳೆ ನೋಡಲು ಆಗುವುದಿಲ್ಲ.